ಆರು ಸಲ ಮಾರಾಟವಾದ ಐದು ಗ್ರಾಂ ಬಟ್ಟು

ನಾದಿನಿ ಅಷ್ಟು ಬೇಗ ತೀರ್ಮಾನಕ್ಕೆ ಬಂದದ್ದೇ ಅತ್ತಿಗೆಗೆ ಸರಿಬೀಳಲಿಲ್ಲ.

ನೋಡಲು ಮೂರು ಕಂಪನಿಗಳಿದ್ದವು. ವೆಬ್‌ಸೈಟಿಗೆ ಬಂದ ಗಿರಾಕಿ ಕಾರ್ಡಿನಿಂದ ಹಣ ಕಟ್ಟಿದರೆ ಅದನ್ನು ನಡುವೆ ಹಿಡಿದು, ತಮ್ಮ ಪಾಲು ಮುರಿದುಕೊಂಡು, ಉಳಿದದ್ದನ್ನು ಅಂಗಡಿಗೆ ತಲುಪಿಸುವ ಕಂಪನಿಗಳು. ಅವುಗಳ ಹೆಸರಿಗೆ ಅತ್ತಿಗೆಯ ನಾಲಿಗೆ ಹೊರಳುತ್ತಿರಲಿಲ್ಲ. ಗುರುತಿನ ಬಣ್ಣ ನೋಡಿ ಕೆಂಪು, ನೀಲಿ, ಹಸಿರು ಎಂದು ಕರೆದುಬಿಟ್ಟಿದ್ದಳು. ಕೆಂಪು ಮೊದಲ ದಿನವೇ ಬಿದ್ದುಹೋಯಿತು, ಇಷ್ಟು ಚಿಕ್ಕ ಅಂಗಡಿ ತನಗೆ ಬೇಡ ಎಂದಿತು. ಉಳಿದದ್ದು ಎರಡು. ನೀಲಿ ನೂರಕ್ಕೆ ಎರಡು ಮುರಿದುಕೊಳ್ಳುತ್ತಿತ್ತು, ಹಸಿರು ಮೂರು. ನೀಲಿಗೆ ಕಲ್ಲುಕಟ್ಟಡದ ವಿಳಾಸವಿತ್ತು, ಫೋನ್ ಮಾಡಿದರೆ ಮನುಷ್ಯರೇ ಎತ್ತುತ್ತಿದ್ದರು. ಹಸಿರಿಗೆ ಬರೀ ಒಂದು ಅಂಚೆಪೆಟ್ಟಿಗೆಯ ಸಂಖ್ಯೆ.

“ಹಸಿರೇ ಇರಲಿ ಅತ್ತಿಗೆ,” ಎಂದಳು ನಾದಿನಿ, ಚಹಾದ ಲೋಟ ಕೆಳಗಿಡುವಷ್ಟರಲ್ಲಿ.

“ನೂರಕ್ಕೆ ಒಂದು ಜಾಸ್ತಿ ಕೊಟ್ಟು?”

“ಹೋದರೆ ಹೋಯ್ತು. ನಿಶ್ಚಿಂತೆ ಇರುತ್ತೆ.”

“ಯಾರಿಗೆ?”

ನಾದಿನಿ ನಕ್ಕಳು. ಲೋಟ ತೊಳೆಯಲು ಎದ್ದು ಹೋದಳು. ಎರಡು ಲೋಟ ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒಳಗಿನಿಂದ ನೀರಿನ ಸದ್ದು ಬಂತು.

ಆ ಮನೆಯವರ ಕಸುಬು ತೂಕದ ಬಟ್ಟು ಮಾಡುವುದು. ಒಂದು ಗ್ರಾಮಿನಿಂದ ನೂರು ಗ್ರಾಮಿನವರೆಗೆ ಹಿತ್ತಾಳೆಯ ಒಂಬತ್ತು ಬಟ್ಟುಗಳು, ಅವು ಕೂರಲು ಮಖಮಲ್ಲು ಹಾಸಿದ ಮರದ ಪೆಟ್ಟಿಗೆ, ಎತ್ತಲು ಒಂದು ಚಿಮುಟ. ಉದ್ದನೆಯ ಒಂದೇ ಕೋಣೆಯ ಹಿಂಭಾಗದಲ್ಲಿ ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ಲೇತಿನ ಮುಂದೆ ನಿಂತು ಸರಳನ್ನು ಕಡೆಯುತ್ತಿದ್ದ. ಮೂವತ್ತು ವರ್ಷ ಆ ಯಂತ್ರದ ಕಿರುಚಾಟ ಕೇಳಿ ಕೇಳಿ ಅವನ ಕಿವಿ ಅರ್ಧ ಹೋಗಿತ್ತು. ಮಾತು ಮುಕ್ಕಾಲು ಹೋಗಿತ್ತು. ಮುಂಭಾಗದಲ್ಲಿ, ಬೀದಿಯ ಗಾಳಿ ತಾಗದ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯೆದುರು ಅತ್ತಿಗೆ ಕೂರುತ್ತಿದ್ದಳು. ಗಂಡ ಕಡೆದದ್ದನ್ನೆಲ್ಲ ತೂಗಿ ನೋಡಿ ಪಾಸು ಮಾಡುವವಳು ಅವಳೇ. ಹೆಚ್ಚಿದ್ದರೆ ಉಜ್ಜಲು ಹಿಂದಕ್ಕೆ ಹೋಗುತ್ತಿತ್ತು, ಕಡಿಮೆಯಿದ್ದರೆ ತಿರುಪು ಬಿಚ್ಚಿ ಹೊಟ್ಟೆಗೆ ಸೀಸದ ಚೂರು ತುಂಬಲು. ಬೀದಿಯವರು, ಅಂಚೆಯವನು, ಎದುರಿನ ಬೀಗ ರಿಪೇರಿಯವನು, ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ತಂಗಿಯ ಬಾಯಿಂದ ಕೇಳಿ ಕೇಳಿ ಗಂಡನೂ ಒಮ್ಮೊಮ್ಮೆ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ತೂಗಲು ಕೂತವರು ಯಾವುದನ್ನೂ ನಂಬಿಕೊಂಡು ಶುರುಮಾಡುವ ಹಾಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಅದು. ಬಟ್ಟನ್ನು ಎಡ ತಟ್ಟೆಯಲ್ಲಿ ಮೂರು ಸಲ ಇಡಬೇಕು, ಮೂರು ಸಲ ತೆಗೆಯಬೇಕು. ಆಮೇಲೆ ಬಲ ತಟ್ಟೆಯಲ್ಲಿ ಮೂರು ಸಲ. “ಇಟ್ಟಾಗ ನೋಡಬೇಡಮ್ಮ, ತೆಗೆದಾಗ ನೋಡು. ಮುಳ್ಳು ಸೊನ್ನೆಗೆ ವಾಪಸ್ ಬರುತ್ತೋ ಇಲ್ಲವೋ ಅದನ್ನ ನೋಡು,” ಎನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ಕಾರ್ಖಾನೆ ಅಣ್ಣತಂಗಿಯರಿಬ್ಬರಿಗೂ ಸಮಪಾಲಾಗಿ ಬಂತು. ಅತ್ತಿಗೆಯದು ಎಂಬುದು ಅಲ್ಲಿ ಏನೂ ಇರಲಿಲ್ಲ, ಇಪ್ಪತ್ತೆರಡು ವರ್ಷದ ಕೆಲಸ ಒಂದನ್ನು ಬಿಟ್ಟು.

ಸಂತೆಯ ವ್ಯಾಪಾರಿಗಳೆಲ್ಲ ಬ್ಯಾಟರಿ ತಕ್ಕಡಿಗೆ ಹೋದ ಮೇಲೆ ಬಟ್ಟು ಕೇಳುವವರು ಶಾಲೆಯ ಲ್ಯಾಬಿನವರು, ಔಷಧಿ ಅರೆಯುವವರು, ಅಷ್ಟೇ. ಅವರೆಲ್ಲ ದೂರದೂರದವರು. ವೆಬ್‌ಸೈಟ್ ಮಾಡೋಣ ಎಂದವಳು ನಾದಿನಿ. ಎರಡು ವರ್ಷದ ಹಿಂದೆ, ಗೆಳತಿಯ ಜೊತೆ ಸೇರಿ ನಡೆಸುತ್ತಿದ್ದ ಮುದ್ರಣಾಲಯ ಮುಚ್ಚಿತು ಎಂದು ಹೇಳಿ ಒಂದು ಸೂಟ್‌ಕೇಸಿನೊಂದಿಗೆ ಬಂದವಳು ಮಾಳಿಗೆಯ ಕೋಣೆ ಹಿಡಿದಿದ್ದಳು. ಯಾಕೆ ಮುಚ್ಚಿತು ಎಂದು ಕೇಳಿದರೆ “ಮುಚ್ಚಿತು ಅಷ್ಟೇ ಅತ್ತಿಗೆ,” ಎನ್ನುತ್ತಿದ್ದಳು. ಮೂರು ತಿಂಗಳು ಕಂಪ್ಯೂಟರಿನೆದುರು ಕೂತು ವೆಬ್‌ಸೈಟನ್ನು ಒಬ್ಬಳೇ ಮಾಡಿದಳು. ಒಂಬತ್ತು ಬಟ್ಟುಗಳ ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವುಗಳನ್ನು ದಿನವೂ ಎತ್ತಿಡುವ ಅತ್ತಿಗೆಗೇ ಗುರುತು ಸಿಗಲಿಲ್ಲ.

ಇಷ್ಟರಲ್ಲಿ ಒಂದು ದೊಡ್ಡ ಆರ್ಡರು ಬಂದಿತ್ತು. ಹತ್ತು ಶಾಲೆಗಳಿಗೆ ಲ್ಯಾಬು ಸಾಮಾನು ಕೊಳ್ಳುವ ಒಬ್ಬ ಮೇಷ್ಟರು ನಲವತ್ತು ಪೆಟ್ಟಿಗೆ ಕೇಳಿದ್ದರು. ವರ್ಷಕ್ಕೆ ನಲವತ್ತು ಪೆಟ್ಟಿಗೆ ಮಾರಿದರೆ ಹೆಚ್ಚು ಎಂಬ ಸ್ಥಿತಿ ಅವರದು. ಆದರೆ ಮೇಷ್ಟರಿಗೂ ಮೇಲಿನವರ ಕಟ್ಟಳೆಯಿತ್ತು: ಕಾರ್ಡಿನಲ್ಲೇ ಕಟ್ಟಬೇಕು, ಶುಕ್ರವಾರದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಈ ವರ್ಷದ ಹಣ ವಾಪಸು ಹೋಗುತ್ತದೆ. ಅದು ಕೈತಪ್ಪಿದರೆ ಲೇತು ಮಾರುವುದೇ ಎಂದು ಗಂಡ ಒಂದು ದಿನ ಊಟದ ಮಧ್ಯೆ ಹೇಳಿದ್ದ. ಅವನು ವಾರಕ್ಕೆ ಆಡುವ ನಾಲ್ಕು ಮಾತಿನಲ್ಲಿ ಅದೊಂದು. ಆದ್ದರಿಂದ ಅದು ಲೆಕ್ಕಕ್ಕೆ ಬರುತ್ತಿತ್ತು.

ಅತ್ತಿಗೆ ಹಸಿರು ಕಂಪನಿಯ ಷರತ್ತುಗಳನ್ನು ಮುದ್ರಿಸಿಕೊಂಡು ಓದಲು ಕೂತಳು. ಇಪ್ಪತ್ತೆಂಟು ಪುಟ.

“ಇದನ್ನ ಪೂರ್ತಿ ಓದಿದವರು ಭೂಮಿ ಮೇಲೆ ನೀವೊಬ್ಬರೇ ಇರಬೇಕು,” ಎಂದಳು ನಾದಿನಿ. “ಬರೆದವರೂ ಓದಿರಲ್ಲ.”

“ಬರೆದವರಿಗೆ ಓದೋ ಅಗತ್ಯ ಇಲ್ಲ. ಹಣ ಹೋಗೋದು ನಮ್ಮದು.”

“ನಮ್ಮದು,” ಎಂದು ನಾದಿನಿ ಹೇಳಿದಳು. ಸುಮ್ಮನೆ ಪುನರುಚ್ಚರಿಸಿದಳೋ, ತಿದ್ದಿದಳೋ ಗೊತ್ತಾಗಲಿಲ್ಲ.

ಹತ್ತೊಂಬತ್ತನೆಯ ಪುಟದಲ್ಲಿ ಅತ್ತಿಗೆಗೆ ಒಂದು ಸಾಲು ಸಿಕ್ಕಿತು. ಹೊಸ ಅಂಗಡಿಯೊಂದನ್ನು ಪರಿಚಯಿಸಿಕೊಟ್ಟವರಿಗೆ ಕಂಪನಿ ಬಹುಮಾನ ಕೊಡುತ್ತದೆ. ಅವಳು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಳು. ಇಪ್ಪತ್ತಮೂರನೆಯ ಪುಟದಲ್ಲಿ ಇನ್ನೊಂದು ಸಿಕ್ಕಿತು. ಖಾತೆಯನ್ನು ಇಬ್ಬರ ಹೆಸರಿನಲ್ಲಿ ತೆರೆಯಬಹುದು. ಹಾಗೆ ತೆರೆದರೆ ಇಬ್ಬರೂ ಒಪ್ಪದೆ ಹಣ ಹೊರಗೆ ತೆಗೆಯುವಂತಿಲ್ಲ. ಗಿರಾಕಿಗೆ ಹಿಂದಿರುಗಿಸುವುದನ್ನು ಮಾತ್ರ ಯಾರೊಬ್ಬರಾದರೂ ಮಾಡಬಹುದು. ನಾದಿನಿ ತುಂಬಿದ್ದ ಅರ್ಜಿಯಲ್ಲಿ ಎರಡು ಹೆಸರಿದ್ದವು, ಅವಳದು ಮತ್ತು ಅತ್ತಿಗೆಯದು. ಅಣ್ಣನದಲ್ಲ. ಅಣ್ಣನನ್ನು ಬಿಟ್ಟು ಅತ್ತಿಗೆಯನ್ನು ಯಾಕೆ ಕಟ್ಟಿಹಾಕಬೇಕಿತ್ತು? ಹಣದ ವಿಷಯ ಬಂದರೆ ಈ ಮನೆಯಲ್ಲಿ ಕೈ ಎತ್ತಿ ತಡೆಯುವವಳು ಅತ್ತಿಗೆ ಒಬ್ಬಳೇ ಎಂದು ನಾದಿನಿಗೆ ಗೊತ್ತಿತ್ತು. ಅವಳ ಹೆಸರನ್ನೂ ಸೇರಿಸಿಬಿಟ್ಟರೆ ನಾಳೆ ಅವಳು ಬಾಯಿ ತೆರೆಯುವಂತಿಲ್ಲ. ಅಲ್ಲಿಯೂ ಒಂದು ಚುಕ್ಕೆ ಬಿತ್ತು.

ಆ ಸಂಜೆ ಅವಳು ಚಹಾ ತೆಗೆದುಕೊಂಡು ಹಿಂಭಾಗಕ್ಕೆ ಹೋದಾಗ ಅಣ್ಣತಂಗಿ ಲೇತಿನ ಪಕ್ಕ ನಿಂತು ಏನೋ ಆಡಿಕೊಳ್ಳುತ್ತಿದ್ದರು. ಯಂತ್ರ ನಿಂತಿತ್ತು. ಅವಳ ಹೆಜ್ಜೆ ಕೇಳಿದೊಡನೆ ಮಾತೂ ನಿಂತಿತು. ಗಂಡ ಯಂತ್ರ ಚಾಲು ಮಾಡಿದ. ನಾದಿನಿ ನೆಲದ ಮೇಲಿನ ಹಿತ್ತಾಳೆಯ ಸುರುಳಿಗಳನ್ನು ಕಾಲಿನಿಂದ ಒಟ್ಟುಮಾಡತೊಡಗಿದಳು. ಯಾರೂ ಹೇಳದ ಮಾತೊಂದು ಆ ಮೂವರ ನಡುವೆ ಸ್ಟೂಲು ಎಳೆದುಕೊಂಡು ಕೂತ ಹಾಗಿತ್ತು. ಅತ್ತಿಗೆ ಚಹಾ ಇಟ್ಟು ಬಂದಳು. ಮೂರನೆಯ ಚುಕ್ಕೆ ಇಡಲು ಕಾಗದ ಬೇಕಾಗಲಿಲ್ಲ.

ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದೆ, ಬಂದ ಉತ್ತರವನ್ನು ಯಾವ ತಟ್ಟೆಯಲ್ಲಿಡುವುದು? ಅವಳಿಗೆ ಗೊತ್ತಿದ್ದ ದಾರಿ ಒಂದೇ.

ಸೋಮವಾರ ಬೆಳಿಗ್ಗೆ ನಾದಿನಿ ಮಖಮಲ್ಲು ಕೊಳ್ಳಲು ಹೊರಗೆ ಹೋದಳು. ಹಸಿರು ಕಂಪನಿಯ ಖಾತೆ ಹಿಂದಿನ ದಿನವೇ ಚಾಲೂ ಆಗಿತ್ತು, ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಅತ್ತಿಗೆ ತನ್ನ ಫೋನಿನಲ್ಲಿ ತಮ್ಮದೇ ಅಂಗಡಿಯ ವೆಬ್‌ಸೈಟಿಗೆ ಹೋಗಿ ಒಂದು ಐದು ಗ್ರಾಂ ಬಟ್ಟು ಕೊಂಡಳು. ತನ್ನ ಕಾರ್ಡಿನಿಂದ ಹಣ ಕಟ್ಟಿದಳು. ಕಂಪ್ಯೂಟರಿನಲ್ಲಿ ಖಾತೆ ತೆರೆದು, ಬಂದ ಹಣವನ್ನು ಗಿರಾಕಿಗೆ, ಅಂದರೆ ತನಗೇ, ಹಿಂದಿರುಗಿಸಿದಳು. ಇಟ್ಟದ್ದಾಯಿತು, ತೆಗೆದದ್ದಾಯಿತು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಮೂರು ಸಲ. ಆಮೇಲೆ ಬದಿ ಬದಲಿಸಬೇಕಲ್ಲ, ಕಂಪ್ಯೂಟರಿನಿಂದ ಕೊಂಡು ಫೋನಿನಿಂದ ಹಿಂದಿರುಗಿಸಿದಳು. ಅದೂ ಮೂರು ಸಲ. ಐದು ಗ್ರಾಂ ಬಟ್ಟು ಪೆಟ್ಟಿಗೆಯಲ್ಲಿ ತನ್ನ ಗುಳಿಯಿಂದ ಅಲುಗದೆ ಆರು ಸಲ ಮಾರಾಟವಾಗಿ ಆರು ಸಲ ವಾಪಸು ಬಂತು.

ಮುಳ್ಳು ಸೊನ್ನೆಗೆ ಬರಲಿಲ್ಲ. ಹಣ ಹಿಂದಿರುಗಿಸಿದಾಗಲೂ ಹಸಿರು ಕಂಪನಿ ತನ್ನ ಪಾಲನ್ನು ಹಿಂದಕ್ಕೆ ಕೊಡದೆ ಇಟ್ಟುಕೊಂಡಿತ್ತು. ಆರಕ್ಕೆ ಆರು ಸಲ. ಅತ್ತಿಗೆ ಅದನ್ನು ತೂಕದ ಪುಸ್ತಕದಲ್ಲಿ, ಬಟ್ಟುಗಳ ತೂಕ ಬರೆಯುವ ಕಡೆಯೇ ಬರೆದಿಟ್ಟಳು. ಎಷ್ಟೋ ದಿನದಿಂದ ಎದೆಯಲ್ಲಿ ಕುಟುಕುತ್ತಿದ್ದದ್ದು ಕಣ್ಣಿಗೆ ಕಂಡ ಸಮಾಧಾನವಾಯಿತು. ಕಳ್ಳ ಸಿಕ್ಕಿದ್ದ. ಇನ್ನು ಕಳ್ಳನಿಗೆ ಬಾಗಿಲು ತೆಗೆದವರು ಯಾರು ಎಂಬುದಷ್ಟೇ ಬಾಕಿ. ನಾಳೆ ಚಹಾದ ಹೊತ್ತಿಗೆ ಪುಸ್ತಕವನ್ನು ನಾದಿನಿಯ ಮುಂದೆ ತೆರೆದಿಡುವುದು, ಒಂದೂ ಮಾತಾಡದೆ ಅವಳ ಮುಖ ನೋಡುವುದು ಎಂದುಕೊಂಡಳು.

ಆದರೆ ಮರುದಿನ ಚಹಾದ ಹೊತ್ತಿಗೆ ಮೊದಲೇ ಮೇಷ್ಟರ ಫೋನು ಬಂತು.

“ಏನಮ್ಮಾ ಇದು? ಹಣ ಕಟ್ಟೋಕೆ ಹೋದರೆ ಈ ಅಂಗಡಿಯನ್ನು ತಡೆಹಿಡಿಯಲಾಗಿದೆ ಅಂತ ಬರ್ತಾ ಇದೆ.”

“ತಡೆಹಿಡಿದದ್ದಾ? ಯಾರು?”

“ಅದನ್ನ ನಾನು ನಿಮ್ಮನ್ನ ಕೇಳಬೇಕು. ಅಲ್ಲಾ, ತಪ್ಪು ತಿಳಿಯಬೇಡಿ, ನಿಮ್ಮ ಅಂಗಡಿ ನಿಜವಾಗಿ ಇದೆ ತಾನೇ?”

“ಇದೆ ಅಂದರೆ? ನಾನು ಅದರೊಳಗೇ ಕೂತಿದ್ದೀನಿ.”

“ಕೂತಿದ್ದೀರಿ ಅಂತ ನೀವು ಹೇಳ್ತಿದ್ದೀರಿ.”

“ನಮ್ಮ ಬಟ್ಟುಗಳ ಫೋಟೋ ನೋಡಿದ್ದೀರಲ್ಲ ಮೇಷ್ಟ್ರೇ.”

“ಹಿತ್ತಾಳೆ ಫೋಟೋ ಯಾರು ಬೇಕಾದರೂ ಹಾಕಬಹುದು. ಹತ್ತು ಶಾಲೆಯ ದುಡ್ಡಮ್ಮ, ನನ್ನ ಕೊರಳಿಗೆ ಬರುತ್ತೆ. ಶುಕ್ರವಾರದವರೆಗೆ ನೋಡ್ತೀನಿ.” ಫೋನು ಇಟ್ಟರು.

ಅತ್ತಿಗೆ ಜನ್ಮದಲ್ಲಿ ಮೊದಲ ಸಲ, ತಾನು ಇದ್ದೇನೆ ಎಂದು ಸಾಬೀತು ಮಾಡುವುದು ಹೇಗೆ ಎಂದು ಯೋಚಿಸುತ್ತ ಕೂತಳು. ಅಷ್ಟರಲ್ಲಿ ನಾದಿನಿ ಕಂಪ್ಯೂಟರಿನ ಮುಂದಿನಿಂದ ನಿಧಾನವಾಗಿ ತಿರುಗಿದಳು.

“ಅತ್ತಿಗೆ. ಸೋಮವಾರ ಆರು ಜನ ಬಂದು ಐದು ಗ್ರಾಂ ಬಟ್ಟು ತಗೊಂಡು ಹೋಗಿದ್ದಾರೆ. ಆರೂ ಜನಕ್ಕೂ ಬೇಡವಾಗಿದೆ. ಆರೂ ಜನರ ಹೆಸರು ನಿಮ್ಮದೇ.”

ಅತ್ತಿಗೆ ತೂಕದ ಪುಸ್ತಕ ಮುಚ್ಚಿದಳು.

“ಏನು ಮಾಡಿದಿರಿ?”

“ಪರೀಕ್ಷೆ ಮಾಡಿದೆ.”

“ಯಾರನ್ನ?”

ಆ ಪ್ರಶ್ನೆಗೆ ಕಂಪನಿಯನ್ನ ಎಂದು ಹೇಳಿದರೆ ಮುಗಿಯುತ್ತಿತ್ತು. ಅತ್ತಿಗೆ ಒಂದು ಕ್ಷಣ ತಡಮಾಡಿದಳು. ಆ ಒಂದು ಕ್ಷಣವನ್ನು ನಾದಿನಿ ಕಿವಿಗೊಟ್ಟು ಕೇಳಿದಳು. ಮುಖ ತಿರುಗಿಸಿ, ಹಸಿರು ಕಂಪನಿ ಕಳಿಸಿದ ಪತ್ರವನ್ನು ಗಟ್ಟಿಯಾಗಿ ಓದಿದಳು. ಖಾತೆಯಲ್ಲಿ ಅನುಮಾನಾಸ್ಪದ ವ್ಯವಹಾರ ಕಂಡುಬಂದಿದೆ. ಬುಧವಾರ ಹನ್ನೊಂದು ಗಂಟೆಗೆ ಖಾತೆದಾರರಿಬ್ಬರೂ ಒಟ್ಟಿಗೆ ಕ್ಯಾಮೆರಾದ ಮುಂದೆ ಹಾಜರಿರಬೇಕು.

ಆ ದಿನ ಇಬ್ಬರೂ ತಂತಮ್ಮ ಚಹಾ ಬೇರೆಬೇರೆಯಾಗಿ ಮಾಡಿಕೊಂಡು ಕುಡಿದರು.

ಬುಧವಾರ ಇಬ್ಬರೂ ಒಂದೇ ಬೆಂಚಿನ ಮೇಲೆ, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. “ಇನ್ನೂ ಸ್ವಲ್ಪ ಹತ್ತಿರ ಬನ್ನಿ ಮೇಡಂ, ಒಬ್ಬರು ಅರ್ಧ ಮಾತ್ರ ಕಾಣ್ತಿದ್ದೀರಿ,” ಎಂದ ಪರದೆಯ ಮೇಲಿನ ಅಧಿಕಾರಿ. ಕಿವಿಗೆ ದೊಡ್ಡ ಹೆಡ್‌ಫೋನು, ಹಿಂದೆ ಬೋಳು ಗೋಡೆ, ಬೆಳಗಿನಿಂದ ಇಂಥವರನ್ನೇ ನೋಡಿ ನೋಡಿ ಬೇಸತ್ತ ಮುಖ. ಇಬ್ಬರೂ ಹತ್ತಿರ ಸರಿದರು. ಹಿಂದೆ ಗಂಡ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಕಂಬಕ್ಕೆ ಒರಗಿ ನಿಂತ.

“ಆರು ಸಲ ಕೊಂಡು ಆರು ಸಲ ವಾಪಸ್ ಮಾಡಿರೋದು ನೀವೇನಾ ಮೇಡಂ?”

“ಹೌದು, ನಾನೇ,” ಎಂದಳು ಅತ್ತಿಗೆ.

“ಕದ್ದ ಕಾರ್ಡ್ ಇಟ್ಟುಕೊಂಡಿರೋರು ಹೀಗೇ ಚಿಕ್ಕ ಮೊತ್ತ ಹಾಕಿ ನೋಡ್ತಾರೆ. ಕಪ್ಪು ಹಣ ಇರೋರು ತಮ್ಮ ಅಂಗಡಿಯಲ್ಲಿ ತಾವೇ ಕೊಳ್ತಾರೆ. ನಿಮ್ಮದು ಎರಡೂ ಥರ ಕಾಣುತ್ತೆ.”

“ನಾವು ತಕ್ಕಡಿ ಪರೀಕ್ಷೆ ಮಾಡೋದೇ ಹಾಗೆ. ಎಡಗಡೆ ಮೂರು ಸಲ, ಬಲಗಡೆ ಮೂರು ಸಲ.”

ಅಧಿಕಾರಿ ಆ ಮಾತನ್ನು ಬರೆದುಕೊಂಡ. ಬರೆದುಕೊಂಡದ್ದನ್ನು ತಾನೇ ಓದಿ ಹುಬ್ಬು ಗಂಟಿಕ್ಕಿದ. “ಇರಲಿ. ಖಾತೆಯಿಂದ ಹಣ ತೆಗೆಯೋಕೆ ಇಬ್ಬರ ಒಪ್ಪಿಗೆ ಬೇಕು ಅಂತ ಕೇಳಿಕೊಂಡಿದ್ದೀರಿ. ಇಷ್ಟು ಚಿಕ್ಕ ಅಂಗಡಿಯವರು ಸಾಮಾನ್ಯವಾಗಿ ಕೇಳಲ್ಲ. ಯಾಕೆ ಕೇಳಿದಿರಿ?”

ಪ್ರಶ್ನೆ ನಾದಿನಿಗೆ. ಅತ್ತಿಗೆಯ ಮೈಯೆಲ್ಲ ಕಿವಿಯಾಯಿತು. ಇಷ್ಟು ದಿನ ತಾನು ಕೇಳದೆ ಉಳಿಸಿಕೊಂಡಿದ್ದದ್ದನ್ನು ಯಾರೋ ಹೊರಗಿನವನು ಕೇಳಿದ್ದ.

ನಾದಿನಿ ಪರದೆಯನ್ನು ನೋಡಲಿಲ್ಲ, ತನ್ನ ಬೆರಳುಗಳನ್ನು ನೋಡಿದಳು. “ಮುಂಚೆ ನಂದೊಂದು ಪ್ರೆಸ್ ಇತ್ತು. ನಾನು, ಒಬ್ಬಳು ಗೆಳತಿ. ಖಾತೆ ಅವಳೊಬ್ಬಳ ಹೆಸರಲ್ಲಿತ್ತು. ಇಬ್ಬರ ಹೆಸರು ಹಾಕೋ ಗೋಜು ಯಾಕೆ ಅಂತ ನಾನೇ ಅಂದಿದ್ದೆ. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಖಾತೆಯಲ್ಲಿ ಏನೂ ಇರಲಿಲ್ಲ. ಅವಳೂ ಇರಲಿಲ್ಲ.” ಬೆರಳು ಮಡಚಿಕೊಂಡು, “ಅದಕ್ಕೇ ಕೇಳಿದೆ. ಇಬ್ಬರೂ ಕೂತು ಒಪ್ಪಿದರೆ ಮಾತ್ರ ಹಣ ಹೋಗೋ ಹಾಗೆ,” ಎಂದಳು.

ಅತ್ತಿಗೆ ತಿರುಗಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಕೇಳಿಸದವನ ಹಾಗೆ ನಿಂತಿರಲಿಲ್ಲ, ಮೊದಲೇ ಕೇಳಿದವನ ಹಾಗೆ ನಿಂತಿದ್ದ. ಹಾಗಾದರೆ ಮನೆಯಲ್ಲಿ ತನ್ನಿಂದ ಏನೋ ಮುಚ್ಚಿಟ್ಟಿದ್ದಾರೆ ಎಂದು ಅನ್ನಿಸಿದ್ದು ಸುಳ್ಳಲ್ಲ. ಮುಚ್ಚಿಟ್ಟದ್ದು ಮಾತ್ರ ತಾನು ಅಂದುಕೊಂಡದ್ದಲ್ಲ.

“ಸರಿ,” ಎಂದ ಅಧಿಕಾರಿ. “ಕೊನೆಯ ಪ್ರಶ್ನೆ. ಈ ಆರು ಪರೀಕ್ಷೆ ಇಬ್ಬರಿಗೂ ಗೊತ್ತಿದ್ದು ಮಾಡಿದ್ದಾ? ಗೊತ್ತಿದ್ದರೆ ಇವತ್ತೇ ಖಾತೆ ಬಿಟ್ಟುಬಿಡ್ತೀನಿ.”

ಬೀದಿಯಲ್ಲಿ ಬೀಗದವನು ಕೀಲಿ ಉಜ್ಜುವ ಸದ್ದು ಒಮ್ಮೆ ಬಂದು ನಿಂತಿತು.

“ಹೌದು,” ಎಂದಳು ನಾದಿನಿ. “ಇಬ್ಬರೂ ಮಾತಾಡಿಕೊಂಡೇ ಮಾಡಿದ್ದು.”

ಎಷ್ಟು ಸರಾಗವಾಗಿ ಹೇಳಿದಳು! ಕಣ್ಣು ಅಲುಗಲಿಲ್ಲ, ದನಿ ನಡುಗಲಿಲ್ಲ. ಇವಳು ಹೀಗೂ ಹೇಳಬಲ್ಲಳೇ ಎಂದುಕೊಂಡಳು ಅತ್ತಿಗೆ. ಹೀಗೆ ಹೇಳಬಲ್ಲವಳು ಈಗ ತಾನೇ ಹೇಳಿದ ಪ್ರೆಸ್ಸಿನ ಕಥೆಯನ್ನೂ... ಅಷ್ಟಕ್ಕೆ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಸುಮ್ಮನಿದ್ದರೆ ಸಾಕಿತ್ತು, ಖಾತೆ ಬಿಡುಗಡೆಯಾಗುತ್ತಿತ್ತು, ನಲವತ್ತು ಪೆಟ್ಟಿಗೆ ಹೋಗುತ್ತಿತ್ತು. ಆದರೆ ಸುಮ್ಮನಿದ್ದರೆ ಈ ಸುಳ್ಳು ಜೀವನಪೂರ್ತಿ ತನ್ನೆದುರಿನ ತಟ್ಟೆಯಲ್ಲಿ ಕೂತಿರುತ್ತದೆ. ಯಾಕಾಗಿ ಹೇಳಿದಳು, ಯಾರಿಗಾಗಿ ಹೇಳಿದಳು ಎಂದು ತಾನು ದಿನವೂ ಎತ್ತಿ ಇಟ್ಟು ನೋಡುತ್ತಲೇ ಇರುತ್ತೇನೆ.

“ಇಲ್ಲ,” ಎಂದಳು. “ಅವಳಿಗೆ ಗೊತ್ತಿರಲಿಲ್ಲ. ಅವಳು ಹೊರಗೆ ಹೋದಾಗ ಮಾಡಿದೆ. ಅವಳ ಮೇಲೆ ಅನುಮಾನ ಇತ್ತು, ಅದಕ್ಕೆ ಮಾಡಿದೆ.”

ಅಧಿಕಾರಿ ಹೆಡ್‌ಫೋನು ಸರಿಮಾಡಿಕೊಂಡ. ಒಬ್ಬರನ್ನೊಬ್ಬರು ಬಯ್ಯುವ ಪಾಲುದಾರರನ್ನು ಅವನು ನೋಡಿರಬೇಕು. ಒಬ್ಬಳು ಬಿಡಿಸಿದ ಮೇಲೂ ಇನ್ನೊಬ್ಬಳು ತಾನಾಗಿ ಸಿಕ್ಕಿಬೀಳುವುದು ಅವನ ಯಾವ ಪಟ್ಟಿಯಲ್ಲೂ ಇರಲಿಲ್ಲ. “ಇಬ್ಬರ ಹೇಳಿಕೆ ತಾಳೆಯಾಗ್ತಾ ಇಲ್ಲ ಮೇಡಂ,” ಎಂದ, ಮೊದಲ ಸಲ ಸ್ವಲ್ಪ ಮೆತ್ತಗೆ. “ನಾನೇನೂ ಮಾಡೋ ಹಾಗಿಲ್ಲ. ಖಾತೆ ಮುಚ್ಚಬೇಕಾಗುತ್ತೆ.” ಪರದೆ ಕಪ್ಪಾಯಿತು. ಅದರಲ್ಲಿ ಒಬ್ಬರಿಗೊಬ್ಬರು ತೀರ ಹತ್ತಿರ ಕೂತ ಇಬ್ಬರು ಹೆಂಗಸರು ಕಂಡರು.

ನಾದಿನಿ ಎದ್ದು ನಿಂತಳು. “ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತಲ್ಲ! ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ?”

“ಅದೇ ಗೊತ್ತಾಗಲಿಲ್ಲ.”

“ಏನು ಗೊತ್ತಾಗಲಿಲ್ಲ?”

“ಯಾರಿಗೋಸ್ಕರ ಅಂತ.”

“ಎರಡು ವರ್ಷ ಒಂದೇ ಮನೆ ಅತ್ತಿಗೆ. ಏನಂದುಕೊಂಡಿದ್ದಿರಿ ನನ್ನ?”

“ಬಹುಮಾನ ಬರುತ್ತೆ ಅಂದುಕೊಂಡಿದ್ದೆ. ಹತ್ತೊಂಬತ್ತನೇ ಪುಟದಲ್ಲಿದೆ. ಅಂಗಡಿ ಪರಿಚಯಿಸಿದವರಿಗೆ.”

“ಬೇರೆ ಅಂಗಡಿಯವರು ಪರಿಚಯಿಸಿದರೆ! ತನ್ನ ಅಂಗಡಿಯನ್ನ ತಾನೇ ಪರಿಚಯಿಸಿದರೆ ಯಾರಾದರೂ ಕೊಡ್ತಾರಾ? ಅಷ್ಟು ಓದಿದವರು ಅದರ ಕೆಳಗಿನ ಸಾಲು ಓದಲಿಲ್ಲವಾ?”

ಓದಿರಲಿಲ್ಲ. ಚುಕ್ಕೆ ಇಟ್ಟ ಖುಷಿಯಲ್ಲಿ ಪುಟ ತಿರುಗಿಸಿದ್ದಳು.

“ನಿಮ್ಮ ಹೆಸರು ಹಾಕಿದ್ದು ಯಾಕೆ ಗೊತ್ತಾ?” ನಾದಿನಿ ಕಂಬದ ಕಡೆ ಕೈ ತೋರಿಸಿದಳು. “ಅಣ್ಣ ಯಾವ ಕಾಗದ ಕೊಟ್ಟರೂ ಸಹಿ ಹಾಕ್ತಾನೆ. ಬೇಡ ಅನ್ನೋರು ಒಬ್ಬರು ಬೇಕಿತ್ತು. ನನಗೇ ಬೇಡ ಅನ್ನೋರು.”

ಕಂಬದ ಹತ್ತಿರದಿಂದ ಗಂಡ ಕೆಮ್ಮಿದ. “ಹೇಳಬೇಡ ಅಂದಿದ್ದಳು,” ಎಂದ ಹೆಂಡತಿಗೆ. ಆ ವಾರಕ್ಕೆ ಅವನಿಗೆ ಅಷ್ಟೇ ಮಾತು ಸಾಕಾಯಿತೇನೋ, ತಿರುಗಿ ಹೋಗಿ ಯಂತ್ರ ಚಾಲು ಮಾಡಿದ.

ಮಧ್ಯಾಹ್ನ ಊಟ ಆಯಿತು, ತಟ್ಟೆ ತೊಳೆದದ್ದಾಯಿತು. ಅತ್ತಿಗೆ ತಕ್ಕಡಿಯ ಮುಂದೆ ಕೂತಳು, ಒಂದೂ ಬಟ್ಟು ತೂಗಲಿಲ್ಲ. ಕ್ಷಮೆ ಕೇಳುವುದು ಅವಳಿಗೆ ಬಾರದ ವಿದ್ಯೆ. ಕೇಳಿದರೂ ಬರೀ ಮಾತು ತಾನೇ, ಅದನ್ನು ಯಾರು ನಂಬಬೇಕು? ಕೊನೆಗೆ ತಾನಾಗಿ ಎದ್ದುಹೋಗಿ ನಾದಿನಿಯ ಪಕ್ಕದ ಕುರ್ಚಿ ಎಳೆದುಕೊಂಡಳು.

ನಾದಿನಿ ಆಗಲೇ ನೀಲಿ ಕಂಪನಿಯ ಅರ್ಜಿ ತೆರೆದಿದ್ದಳು. ನಾಳೆ ಸಂಜೆಯೊಳಗೆ ಮಂಜೂರಾದರೆ ಶುಕ್ರವಾರ ಮೇಷ್ಟರು ಹಣ ಕಟ್ಟಬಹುದು. ಅಂಗಡಿಯ ವಿಳಾಸ, ಫೋನು, ವ್ಯಾಪಾರದ ಬಗೆ, ಎಲ್ಲ ತುಂಬಿ ಒಂದು ಖಾನೆಯ ಹತ್ತಿರ ನಿಂತಿದ್ದಳು. ಮಾಲೀಕರ ಹೆಸರು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿತ್ತು: ಒಬ್ಬರದು ಮಾತ್ರ. ಹಣ ಹಾಕುವುದು ತೆಗೆಯುವುದು ಎಲ್ಲವೂ ಅವರೊಬ್ಬರ ಕೈಯಲ್ಲಿ.

“ಇಲ್ಲಿ ಇಬ್ಬರನ್ನ ಹಾಕೋಕೆ ಬರಲ್ಲ,” ಎಂದಳು ಪರದೆಯಿಂದ ಕಣ್ಣು ತೆಗೆಯದೆ. ಕೀಬೋರ್ಡನ್ನು ಅತ್ತಿಗೆಯ ಕಡೆ ತಳ್ಳಿದಳು. “ಬರೀರಿ. ನಿಮ್ಮದೋ ಅಣ್ಣಂದೋ. ನನ್ನದು ಬೇಡ, ಮತ್ತೆ ನಿಮಗೆ ನಿದ್ದೆ ಬರಲ್ಲ.”

ಅತ್ತಿಗೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೊತ್ತು ಹಿಡಿಯಿತು. ಬರೆದು ಮುಗಿದ ಮೇಲೆ ನಾದಿನಿ ಮುಂದಕ್ಕೆ ಬಾಗಿ ಓದಿದಳು. ತನ್ನದೇ ಪೂರ್ತಿ ಹೆಸರು, ಮುಂದೆ ಅಪ್ಪನ ಹೆಸರಿನೊಂದಿಗೆ, ಶಾಲೆಯ ದಾಖಲೆಯಲ್ಲಿ ಇರುವ ಹಾಗೆ.

“ಇದೇನಿದು?”

“ಏನೂ ಇಲ್ಲ. ನಿನ್ನ ಹೆಸರು.”

“ಯಾಕೆ?”

“ಸುಮ್ಮನೆ.”

“ನೀವು ಸುಮ್ಮನೆ ಏನೂ ಮಾಡಲ್ಲ ಅತ್ತಿಗೆ. ಏನೋ ಇದೆ ಇದರಲ್ಲಿ.” ನಾದಿನಿಯ ಕಣ್ಣು ಕಿರಿದಾಯಿತು. “ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ನನ್ನ ತಲೆಗೆ ಕಟ್ಟೋಕಾ? ಅಥವಾ ಇದೂ ಪರೀಕ್ಷೆನಾ? ಒಬ್ಬಳ ಕೈಗೆ ಕೊಟ್ಟು ನೋಡೋಣ, ಏನು ಮಾಡ್ತಾಳೆ ಅಂತ?”

“ಅಲ್ಲ.”

“ಮತ್ತೆ?”

ಅತ್ತಿಗೆ ಉತ್ತರ ಹುಡುಕಿದಳು. ಇತ್ತು, ಆದರೆ ಹೊರಗೆ ತೆಗೆದು ತೋರಿಸುವಂಥದ್ದಲ್ಲ. ಸಾಕ್ಷಿ ಕೇಳಿದರೆ ಅವಳ ಹತ್ತಿರ ಏನೂ ಇರಲಿಲ್ಲ. ನಿಜವನ್ನೇ ಹೇಳಿಯೂ ಎದುರಿನವರ ಮುಖದಲ್ಲಿ ಅದು ನಿಜವಾಗಿ ಕಾಣದೆ ಇರುವುದು ಹೇಗಿರುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಒಳಗೆಲ್ಲೋ ಸಣ್ಣಗೆ ಉರಿಯಿತು. ಈ ಉರಿಯನ್ನು ನಾದಿನಿ ಎಷ್ಟು ದಿನದಿಂದ ನುಂಗಿಕೊಂಡು ಲೋಟ ತೊಳೆಯುತ್ತಿದ್ದಳೋ.

ಫೋನು ಬಡಿದುಕೊಂಡಿತು. ಅತ್ತಿಗೆ ಎತ್ತಿದಳು.

“ಏನಾಯ್ತಮ್ಮಾ?” ಮೇಷ್ಟರ ದನಿ. “ಇದ್ದೀರಾ ಇನ್ನೂ?”

“ಇದ್ದೀವಿ. ಇರಿ, ಮಾಲೀಕರಿಗೆ ಕೊಡ್ತೀನಿ,” ಎಂದು ಅತ್ತಿಗೆ ಫೋನನ್ನು ನಾದಿನಿಯ ಕಡೆ ಚಾಚಿದಳು.

ನಾದಿನಿ ತೆಗೆದುಕೊಳ್ಳಲಿಲ್ಲ. ಚಾಚಿದ ಕೈಯನ್ನು ನೋಡಿದಳು, ಕೈಯ ಹಿಂದಿನ ಮುಖವನ್ನು ನೋಡಿದಳು. ಫೋನಿನೊಳಗಿಂದ ಮೇಷ್ಟರು “ಹಲೋ, ಹಲೋ” ಎನ್ನುತ್ತಿದ್ದರು. ಅತ್ತಿಗೆಯ ಕೈ ಸೋಲತೊಡಗಿತು, ಆದರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಕೊನೆಗೆ ನಾದಿನಿ ಫೋನನ್ನು ಕಸಿದುಕೊಂಡು ಕಿವಿಗೆ ಒತ್ತಿದಳು. “ಹೇಳಿ ಮೇಷ್ಟ್ರೇ. ಹೂಂ. ಶುಕ್ರವಾರ ಕಟ್ಟಬಹುದು. ಇಲ್ಲ ಇಲ್ಲ, ಈ ಸಲ ಕಂಪನಿ ಬೇರೆ,” ಎನ್ನುತ್ತ ಇನ್ನೊಂದು ಕೈಯಿಂದ ಅರ್ಜಿ ಕಳಿಸುವ ಗುಂಡಿ ಒತ್ತಿದಳು. ಅಷ್ಟು ಹೊತ್ತೂ ಅವಳ ಕಣ್ಣು ಮಾತ್ರ ಅತ್ತಿಗೆಯ ಮುಖವನ್ನು ಬಿಟ್ಟು ಅಲುಗಲಿಲ್ಲ.